ಮಡಿಲಲ್ಲಿ ತಂಬಿಗೆ, ಮುಂದೆ ಸ್ಟೇರಿಂಗ್

ನಾನು ಹುಟ್ಟಾ ಅಂಜುಬುರುಕಿ. ನಮ್ಮ ಮನೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಬಸ್ಸು ಹತ್ತಿದರೆ ಡ್ರೈವರನ ಬೆನ್ನ ಹಿಂದಿನ ಸೀಟು ನನ್ನದು. ಅವನು ಬ್ರೇಕ್ ಒತ್ತುವ ಮೊದಲೇ ನನ್ನ ಕಾಲು ನೆಲ ಒತ್ತಿರುತ್ತದೆ. ಲಾರಿ ಎದುರಿಗೆ ಬಂದರೆ ಕಣ್ಣು ಮುಚ್ಚುತ್ತೇನೆ. ಕಣ್ಣು ಮುಚ್ಚಿದರೆ ಲಾರಿ ತಪ್ಪಿಸಿಕೊಂಡು ಹೋಗುತ್ತದೆ ಎಂಬ ನಂಬಿಕೆ ಯಾಕೆ ಬಂತೋ ಗೊತ್ತಿಲ್ಲ, ಇಷ್ಟು ವರ್ಷ ಅದು ಕೈಕೊಟ್ಟಿಲ್ಲ.

ಇಂಥವಳಿಗೆ ಸಿಕ್ಕ ಗಂಡ ಗಾಡಿಯ ಹುಚ್ಚಿನವರು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಮ್ಮದೊಂದು ಸೀರೆ ಅಂಗಡಿ. ಮಾವನವರ ಕಾಲದ ತನಕ ಮನೆಯಲ್ಲೇ ನೇಯುತ್ತಿದ್ದರು. ಪಡಸಾಲೆಯ ಪಕ್ಕದ ಖೋಲಿಯಲ್ಲಿ ಮಗ್ಗದ ಕುಣಿ, ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂಡುತ್ತಿದ್ದ ಗುಂಡಿ, ಇನ್ನೂ ಹಾಗೇ ಇದೆ. ಮಗ್ಗ ಹೋದ ಮೇಲೆ ಅದರ ಮೇಲೆ ಹಲಗೆ ಹಾಕಿದ್ದೇವೆ. ಅಂಗಡಿ ಸ್ವಲ್ಪ ಕೈ ಹಿಡಿದ ಮೇಲೆ ಮನೆಯವರು ಒಂದು ಸಣ್ಣ ಕಾರು ತಂದರು, ಯಾರೋ ಓಡಿಸಿ ಬಿಟ್ಟದ್ದು. ತಂದ ದಿನ ಅದಕ್ಕೆ ಆರತಿ ಎತ್ತುವಾಗ ನನ್ನ ಕೈ ನಡುಗುತ್ತಿತ್ತು. ಭಕ್ತಿಯಿಂದಲ್ಲ.

ಆದರೂ ಅವರು ಗಾಡಿ ಓಡಿಸುವಾಗ ನನಗೊಂದು ಧೈರ್ಯ ಇರುತ್ತಿತ್ತು. ಅದಕ್ಕೆ ಕಾರಣ ಅವರ ಬೈಗುಳ. ಸ್ಟೇರಿಂಗ್ ಹಿಡಿದರೆಂದರೆ ರಸ್ತೆಯ ಮೇಲಿನ ಯಾರನ್ನೂ ಬಿಡುತ್ತಿರಲಿಲ್ಲ. ಕೈ ತೋರಿಸದೆ ತಿರುಗುವ ಬೈಕಿನವನು, ನಡುರಸ್ತೆಯಲ್ಲಿ ನಿಂತು ಮಾತಾಡುವವರು, ಆಡು, ಎಮ್ಮೆ, ಎಲ್ಲರಿಗೂ ಒಂದೊಂದು ಮಂಗಳಾರತಿ. "ಏ, ರೋಡ್ ನಿಮ್ಮಪ್ಪಂದೇನಲೇ?" ಎಂಬುದು ಅವುಗಳಲ್ಲಿ ಮರ್ಯಾದೆಯದು. ಬೈಯುವ ಮನುಷ್ಯ ಎಚ್ಚರವಾಗಿದ್ದಾನೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಮಗೆ ಒಬ್ಬಳೇ ಮಗಳು. ಮುಂಡರಗಿಗೆ ಕೊಟ್ಟಿದ್ದೇವೆ. ಅವಳ ನಾದಿನಿಯ ಮನೆ ಲಕ್ಷ್ಮೇಶ್ವರದಲ್ಲಿ. ಎರಡು ವರ್ಷದ ಕೆಳಗೆ ಆ ನಾದಿನಿಯ ಕೂಸಿಗೆ ತೊಟ್ಟಿಲ ಕಾರ್ಯ ಇತ್ತು. ಮಗಳು ಮುಂಡರಗಿಯಿಂದ ಅತ್ತೆ ಮನೆಯವರ ಜೊತೆ ಬಂದಿದ್ದಳು, ನಾವು ಗದಗಿನಿಂದ ಹೋಗಿದ್ದೆವು. ಆಗ ಅವಳು ನಾಲ್ಕು ತಿಂಗಳ ಬಸುರಿ. ಕಾರ್ಯ ಮುಗಿಸಿ ನಮ್ಮ ಗಾಡಿಯಲ್ಲೇ ತವರಿಗೆ ಬಂದು ನಾಲ್ಕು ದಿನ ಇದ್ದು ಹೋಗುವುದೆಂದು ಮಾತಾಗಿತ್ತು.

ಶಿರಹಟ್ಟಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರು, ಹಿಂದೆ ಟ್ರೇಲರ್ ಕಟ್ಟಿಕೊಂಡದ್ದು, ಸೂಚನೆಯಿಲ್ಲದೆ ಹೊಲದ ಕಡೆ ತಿರುಗಿತು. ಮನೆಯವರು ಸ್ಟೇರಿಂಗ್ ಎಳೆದರು. ಗಾಡಿ ಒಂದು ಕ್ಷಣ ಕೇಳದವರ ಹಾಗೆ ನೆಟ್ಟಗೇ ಹೋಗಿ, ಆಮೇಲೆ ಒಮ್ಮೆಲೇ ವಾಲಿತು. ಎಡಗಡೆಯ ಗಾಲಿ ಡಾಂಬರಿನಿಂದ ಕೆಳಗಿಳಿದು ಒಂದು ತಗ್ಗಿಗೆ ಧಡ್ ಎಂದು ಬಿತ್ತು. ನನ್ನ ಜೀವ ಬಾಯಿಗೆ ಬಂತು. ಯಾರಿಗೂ ಏನೂ ಆಗಿರಲಿಲ್ಲ. ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಏನಾಗಿಲ್ಲಪಾ, ನಡಿ" ಅಂದಳು. ಮನೆಯವರು ಆ ಟ್ರ್ಯಾಕ್ಟರಿನವನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಸುಮ್ಮನೆ ಗಾಡಿ ಎತ್ತಿಕೊಂಡು ಬಂದರು.

ಮೂರನೆಯ ದಿನ ಮಗಳ ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ದವಾಖಾನೆಯ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು: ಇಂಥದ್ದು ಎಷ್ಟೋ ಜನರಿಗೆ ಆಗುತ್ತದೆ, ಗಾಡಿ ಕುಲುಕಿದ್ದಕ್ಕೆ ಆದದ್ದಲ್ಲ, ಯಾರ ತಪ್ಪೂ ಇಲ್ಲ. ನಾನು ತಲೆ ಆಡಿಸಿದೆ. ಮನೆಯವರು ಬಾಗಿಲ ಬಳಿ ನಿಂತು ಗಾಡಿಯ ಕೀಲಿಕೈಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಮಗಳು ಸುಧಾರಿಸಿಕೊಂಡು ಮುಂಡರಗಿಗೆ ಹೋದಳು. ಮನೆಯವರು ಗ್ಯಾರೇಜಿಗೆ ಹೋದರು.

ಮೊದಲು ಮಾಡಿಸಿದ್ದು ದುರಸ್ತಿ. ಸ್ಟೇರಿಂಗಿನಲ್ಲಿ ಆಟ ಇದೆ, ಕೈ ತಿರುಗಿಸಿದ ಮೇಲೆ ಗಾಲಿ ತಿರುಗುವುದಕ್ಕೆ ತಡವಾಗುತ್ತದೆ ಎಂದು ಮಿಸ್ತ್ರಿ ಹೇಳಿದನಂತೆ. ಗಾಲಿಗೂ ಸ್ಟೇರಿಂಗಿಗೂ ಕೊಂಡಿಯಾದ ಸವೆದ ಸಾಮಾನು ಬದಲಾಯಿತು, ಗಾಲಿಗಳನ್ನು ಮಷಿನ್ ಹಚ್ಚಿ ನೆಟ್ಟಗೆ ಮಾಡಿಸಿದ್ದಾಯಿತು. ಗಾಡಿ ಚೆನ್ನಾಗಿಯೇ ಆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಅವರು ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಗಾಡಿಯ ವಿಡಿಯೋ ನೋಡತೊಡಗಿದರು. ಯಾರೋ ಹುಡುಗರು ಗಾಡಿಯ ಹೊಟ್ಟೆ ಬಗೆದು ತೋರಿಸುತ್ತಿದ್ದರು. ಸ್ಟೇರಿಂಗ್ ಚುರುಕಾಗಬೇಕೆಂದರೆ ಇದು ಹಾಕಿ, ಅದು ತೆಗೆಯಿರಿ. ಒಂದು ದಿನ ಸ್ಟೇರಿಂಗ್ ಚಕ್ರವನ್ನೇ ಬಿಚ್ಚಿಸಿ ಊಟದ ತಾಟಿನಷ್ಟು ಸಣ್ಣದೊಂದನ್ನು ಹಾಕಿಸಿಕೊಂಡು ಬಂದರು. ಕೈ ಸ್ವಲ್ಪ ಆಡಿದರೂ ಗಾಡಿ ತಿರುಗುತ್ತದಂತೆ. ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದ್ದೇವೆ ಎಂದು ತೋರಿಸುವ ಮುಳ್ಳು ಆ ಚಕ್ರದ ಹಿಂದೆ ಮುಚ್ಚಿಹೋಗಿತ್ತು. ಅದನ್ನು ನೋಡಲು ಅವರು ಬಾವಿ ಇಣುಕುವವರ ಹಾಗೆ ಕತ್ತು ಬಗ್ಗಿಸಬೇಕಿತ್ತು. ಹಾರ್ನು ಬೇರೆ ಕೆಟ್ಟಿತು.

"ಹಾರನ್ ಇಲ್ಲದ ಗಾಡಿ ಹತ್ತಾಂಗಿಲ್ಲ ನಾ" ಅಂದೆ.

"ನೀ ಇದ್ದೀಯಲ್ಲ, ಒದರಾಕ" ಅಂದರು.

ಆಮೇಲೆ ಟೈರು. ಅಗಲವಾದವು, ಆದರೆ ಎತ್ತರ ಕಡಿಮೆ. ಹೊಳೆಯುವ ಗಾಲಿಗೆ ರಬ್ಬರಿನ ಒಂದು ಪಟ್ಟಿ ಸುತ್ತಿದಂತೆ ಕಾಣುತ್ತಿದ್ದವು. ಹಳೆಯ ಟೈರುಗಳನ್ನು ಮಾರದೆ ತಂದು, ಹಲಗೆ ಸರಿಸಿ ಮಗ್ಗದ ಕುಣಿಯಲ್ಲಿ ಇಳಿಸಿದರು. ಹಳೆಯ ಸ್ಟೇರಿಂಗ್ ಚಕ್ರ ಅದೇ ಖೋಲಿಯ ಗೋಡೆಯ ಮೊಳೆಗೆ ಹೋಯಿತು. ಮಾವನವರ ಫೋಟೋದ ಪಕ್ಕದಲ್ಲೇ. ನಾನು ದಿನಾ ಫೋಟೋಕ್ಕೆ ಹೂವು ಹಾಕುವಾಗ ಅದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದೆ.

ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಗಾಡಿಯ ಕೆಳಗಿನ ಕೀಲುಗಳಲ್ಲಿ ಮೆತ್ತಗಿನ ರಬ್ಬರ್ ಬುಷ್ ಇರುತ್ತವಂತೆ. ಅವನ್ನು ತೆಗೆಸಿ ಗಟ್ಟಿಯವನ್ನು ಹಾಕಿಸಿದರು. ಬಾನೆಟ್ಟಿನ ಒಳಗೆ ಈ ಬದಿಯಿಂದ ಆ ಬದಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿಸಿದರು. ಮಿಸ್ತ್ರಿಗಂತೂ ಹಬ್ಬ. "ಸಾವ್ಕಾರ್ರ, ಈಗ ಗಾಡಿ ಹೆಂಗ ಐತಿ ಅಂದ್ರ, ನೀವು ಮನಸ್ಸಿನ್ಯಾಗ ಅಂದಕೊಳ್ಳೂದಕ್ಕ ತಿರಗತೈತಿ" ಎಂದು ಹೊಗಳುತ್ತಿದ್ದ. ಮನೆಯವರು ನಗುತ್ತಿರಲಿಲ್ಲ. ಇನ್ನೂ ಏನೋ ಉಳಿದಿದೆ ಎನ್ನುವಂತೆ ಗಾಲಿಯನ್ನೇ ನೋಡುತ್ತಿದ್ದರು.

ಇದೆಲ್ಲ ವಯಸ್ಸಾದ ಗಂಡಸಿನ ಶೋಕಿ ಎಂದುಕೊಂಡಿದ್ದೆ ನಾನು. ಅವರು ರಸ್ತೆಯಲ್ಲಿ ಬೈಯುವುದನ್ನು ಬಿಟ್ಟದ್ದು ಕಂಡಿತ್ತು. ಸ್ಟೇರಿಂಗಿನ ಮೇಲೆ ಧ್ಯಾನ ಹೋಗಿದೆ, ಅದಕ್ಕೇ ಮಾತಿಲ್ಲ ಎಂದು ತಿಳಿದುಕೊಂಡೆ. ಆಡು ಅಡ್ಡ ಬಂದರೆ ಸುಮ್ಮನೆ ನಿಲ್ಲಿಸುವರು. ಬೈಕಿನವನು ಕನ್ನಡಿ ಸವರಿಕೊಂಡು ಹೋದರೂ ಸುಮ್ಮನಿರುವರು. ಅವರ ಬೈಗುಳವಿಲ್ಲದ ಗಾಡಿಯಲ್ಲಿ ನನ್ನ ಅಂಜಿಕೆ ಎರಡು ಪಟ್ಟಾಯಿತು.

ತಂಬಿಗೆಯ ವಿಚಾರ ಶುರುವಾದದ್ದು ಲಕ್ಕುಂಡಿಗೆ ಹೋದಾಗ. ನೆಂಟರ ಮನೆಯ ವಾಸ್ತುಶಾಂತಿಗೆ ಉಕ್ಕಿಸಲು ಹಾಲು ನಾವು ಒಯ್ಯಬೇಕಿತ್ತು. ಹಿತ್ತಾಳೆಯ ತಂಬಿಗೆಯಲ್ಲಿ ಹಾಲು ತುಂಬಿ, ತಟ್ಟೆ ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಖರೆ ಹೇಳಬೇಕೆಂದರೆ ಗಾಡಿ ತಿರುವಿನಲ್ಲಿ ಒಂದಿಷ್ಟೂ ವಾಲಲಿಲ್ಲ. ಮೊದಲು ತೊಟ್ಟಿಲಂತೆ ತೂಗುತ್ತಿದ್ದ ಗಾಡಿ ಈಗ ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಆದರೆ ರಸ್ತೆಯ ಒಂದೊಂದು ಹರಳೂ ಸೀಟಿನ ಮೂಲಕ ನನ್ನ ಬೆನ್ನಿಗೆ ಬರುತ್ತಿತ್ತು. ಲಕ್ಕುಂಡಿ ಮುಟ್ಟುವಷ್ಟರಲ್ಲಿ ಅರ್ಧ ಹಾಲು ನನ್ನ ರೇಷ್ಮೆ ಸೀರೆಯ ಪಾಲಾಗಿತ್ತು.

"ಏನ್ರೀ ಇದು? ನಿಮ್ಮ ಸ್ಟೇರಿಂಗ್ ಸುಧಾರಿಸಿತು, ನನ್ನ ನಡಾ ಮುರೀತು."

ಅವರು ಅರ್ಧ ಖಾಲಿಯಾದ ತಂಬಿಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಕಪ್ಪಿಟ್ಟಿತ್ತು. ಹಾಲಿಗಾಗಿ ಇಷ್ಟು ಸಂಕಟ ಪಡುವ ಮನುಷ್ಯ ಅಲ್ಲವಲ್ಲ ಎಂದು ನನಗೆ ಅನ್ನಿಸಿತು.

ಆ ಹೊತ್ತಿಗೆ ಮಗಳಿಗೆ ಮತ್ತೆ ದಿನ ನಿಂತಿದ್ದವು. ಖುಷಿಗಿಂತ ಹೆದರಿಕೆ ದೊಡ್ಡದಾಗಿತ್ತು. ಫೋನು ಬಂದರೆ ಎದೆ ಡವಡವ ಎನ್ನುತ್ತಿತ್ತು, ಬರದಿದ್ದರೆ ಇನ್ನೂ ಹೆಚ್ಚು. ಬೀಗತಿ ಅವಳನ್ನು ಹೂವಿನಂತೆ ನೋಡಿಕೊಂಡರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ತಿಂಗಳುಗಳು ಒಂದೊಂದಾಗಿ ದಾಟಿದವು. ಏಳರಲ್ಲಿ ಕುಬಸ ಮಾಡುವುದು, ಆಮೇಲೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸುವುದು ಎಂದು ತೀರ್ಮಾನವಾಯಿತು. ಕುಬಸವೆಂದರೆ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ, ಬುತ್ತಿ ಒಯ್ದು ಉಡಿ ತುಂಬುವ ಕಾರ್ಯ. ಡಾಕ್ಟರರು ಪ್ರಯಾಣ ಮಾಡಬಹುದು, ಆದರೆ ನಿಧಾನಕ್ಕೆ ಎಂದಿದ್ದರು.

ಬೀಗತಿ ಫೋನಿನಲ್ಲಿ ಬಹಳ ನಯವಾಗಿ ಮಾತು ತೆಗೆದರು. "ತಪ್ಪ ತಿಳೀಬ್ಯಾಡ್ರಿ ಯವ್ವಾ. ನಿಮ್ಮ ಗಾಡಿ ಬ್ಯಾಡ ಅಂತಲ್ಲ. ಆದ್ರ ಹಿಂದಿಂದು ನೆನಸಿದ್ರ ಕೈಕಾಲು ತಣ್ಣಗ ಆಗ್ತಾವು. ನಾವ ಒಂದು ದೊಡ್ಡ ಗಾಡಿ ಬಾಡಿಗಿ ಮಾಡಿ ಕಳಸ್ತೀವಿ. ಡ್ರೈವರ್ ಬಾಳ ಸಾವಕಾಶ ಹೊಡಿತಾನ."

ಅವರ ಮಾತಿನಲ್ಲಿ ತಪ್ಪೇನಿತ್ತು? ನನಗೂ ಅದೇ ಬೇಕಿತ್ತು. ಮನೆಯವರಿಗೆ ಹೇಳಿದೆ. ಅವರು ಅಂಗಡಿಯ ಸೀರೆ ಮಡಚುತ್ತಿದ್ದವರು ಮಡಚುತ್ತಲೇ, "ನನ್ನ ಮಗಳನ್ನ ನಾ ಕರಕೊಂಡು ಬರ್ತೀನಿ" ಅಂದರು. ಹಟದ ದನಿ ಅಲ್ಲ. ಯಾವುದೋ ದಂಡ ಕಟ್ಟುವವರ ದನಿ.

ಅಂದಿನಿಂದ ತಂಬಿಗೆ ನಮ್ಮ ಮನೆಯಲ್ಲಿ ಒಂದು ಮಾಪಕವಾಯಿತು. ಕಂಠದ ತನಕ ನೀರು ತುಂಬಿಸಿ, ನನ್ನನ್ನು ಹಿಂದೆ ಕೂರಿಸಿ, ಮುಂಡರಗಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬರುವುದು. ಎಷ್ಟು ಚೆಲ್ಲಿತು ಎಂದು ನೋಡುವುದು. ಚೆಲ್ಲುತ್ತಿದ್ದದ್ದು ನನ್ನ ಮೇಲೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಗಾಲಿಯ ಗಾಳಿ ಕಡಿಮೆ ಮಾಡಿ ನೋಡಿದರು, ಹೆಚ್ಚು ಮಾಡಿ ನೋಡಿದರು. ವಾಲಾಟಕ್ಕೆ ಚೆಲ್ಲದ ನೀರು ಕುಲುಕಾಟಕ್ಕೆ ಚೆಲ್ಲುತ್ತಿತ್ತು. ನೆರೆಮನೆಯವಳು ಒದ್ದೆ ಸೀರೆಯಲ್ಲಿ ಇಳಿಯುವ ನನ್ನನ್ನು ಕಂಡು, "ಏನಕ್ಕಾ, ದಿನಾ ಹೊಳಿಗೆ ಹೋಗಿ ಬರ್ತೀರೇನು?" ಎಂದು ಕೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗೆ ಮಾತ್ರ ಒಂದೇ ಯೋಚನೆ. ಈ ಗಾಡಿಯಲ್ಲಿ ಮಗಳು ಹೇಗೆ ಕೂಡುತ್ತಾಳೆ, ಹೊಟ್ಟೆಯೊಳಗಿನ ಜೀವ ಹೇಗೆ ತಡೆಯುತ್ತದೆ?

ಮಳೆ ಶುರುವಾಗಿತ್ತು. ಕುಬಸಕ್ಕೆ ಹೇಳಿ ಬರಲು ಕುರ್ತಕೋಟಿಗೆ ಹೋದೆವು. ಮನೆಯವರ ಅಕ್ಕ ಅಲ್ಲಿ ಹೊಲದ ಮನೆಯಲ್ಲಿ ಇರುತ್ತಾರೆ. ಡಾಂಬರು ರಸ್ತೆ ಬಿಟ್ಟು ಒಳಗೆ ಹೋಗಬೇಕು. ಹಿಂದಿನ ದಿನ ಹದವಾಗಿ ಮಳೆ ಬಿದ್ದು ಮೇಲೆ ಬಿಸಿಲು ಬಿದ್ದಿತ್ತು. ಅಂಟಿದರೆ ಬಿಡದ ಇಲ್ಲಿಯ ಎರೆ ಮಣ್ಣು ಗೊತ್ತಿದ್ದವರು ಅಂಥ ಹೊತ್ತಿನಲ್ಲಿ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಮನೆಯವರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಹಳೆಯ ಟೈರಿನ ಮೇಲೆ ಎಷ್ಟೋ ಸಲ ಹೋಗಿ ಬಂದ ದಾರಿ ಅದು. ಅಗಲ ಟೈರು ಬಂದ ಮೇಲೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೇ ಜಾಗ ಉಳಿದಿದೆ ಎಂಬುದು ಮಾತ್ರ ತಲೆಗೆ ಬರಲಿಲ್ಲ. ಸ್ಟೇರಿಂಗ್ ಚುರುಕು ಮಾಡುವ ವಿಡಿಯೋದ ಹುಡುಗರು ಎರೆ ಹೊಲ ಕಂಡವರಲ್ಲ.

ನೂರು ಮಾರು ಹೋಗಿರಬಹುದು. ಗಾಡಿ ಗೊರಗೊರ ಎನ್ನತೊಡಗಿತು. ಮುಂದೆ ದಾರಿ ಬಲಕ್ಕೆ ತಿರುಗುತ್ತದೆ, ಎದುರಿಗೆ ಹೊಲದ ಬದು, ಜಾಲಿ ಕಂಟಿ. ಅವರು ತಿರುಗಿಸಿದರು. ಆ ಊಟದ ತಾಟಿನಷ್ಟು ಚಕ್ರವನ್ನು ಎರಡೂ ಕೈಯಲ್ಲಿ ಜಗ್ಗಿದರು. ಗಾಲಿಯ ಸುತ್ತ ಮಣ್ಣು ಗಿಡಿದು ಕಲ್ಲಿನಂತೆ ಕೂತಿತ್ತು. ಗಾಡಿ ನೆಟ್ಟಗೆ, ನಿಧಾನವಾಗಿ, ನೋಡನೋಡುತ್ತಿದ್ದಂತೆ ಹೋಗಿ ಕಂಟಿಯೊಳಗೆ ಮೂತಿ ತೂರಿಸಿ ನಿಂತಿತು. ಪೆಟ್ಟೇನಿಲ್ಲ. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಗಾಜಿನ ತುಂಬ ಜಾಲಿ ಮುಳ್ಳು.

ಅವರು ಇಳಿದು, ಒಂದು ಕೋಲು ಮುರಿದುಕೊಂಡು, ಗಾಲಿಯ ಸಂದಿಯ ಮಣ್ಣು ಕೆದರತೊಡಗಿದರು. ಕೋಲು ಮುರಿಯಿತು. ಬೆರಳಿನಿಂದಲೇ ಬಗೆದರು. ಉಗುರು ಸಂದಿಯಲ್ಲಿ ರಕ್ತ ಬಂತು.

"ಬಿಡ್ರೀ, ಅಕ್ಕಾರ ಮನಿಯಿಂದ ಯಾರನ್ನರ ಕರೆಯೋಣು" ಅಂದೆ.

"ಅವತ್ತೂ ಹಿಂಗ" ಅಂದರು ಅವರು, ನನ್ನ ಕಡೆ ನೋಡದೆ. "ನಾ ತಿರುವಿದೆ. ಇದು ತಿರುಗಲಿಲ್ಲ."

ನನಗೆ ಆಗ ಹೊಳೆಯಿತು. ಒಂದು ವರ್ಷ ಕಾಲ ಆ ಗ್ಯಾರೇಜು, ಆ ವಿಡಿಯೋ, ಆ ಚಕ್ರ, ಆ ಟೈರು, ಆ ಕಬ್ಬಿಣದ ಪಟ್ಟಿ. ಶಿರಹಟ್ಟಿಯ ಆಚೆಯ ಆ ಒಂದು ಕ್ಷಣವನ್ನು ಈ ಮನುಷ್ಯ ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಈ ಸಲ ಗಾಡಿ ತಡ ಮಾಡದೆ ತಿರುಗಲಿ ಎಂದು. ನಾನು ಶೋಕಿ ಎಂದು ಆಡಿಕೊಂಡಿದ್ದೆ. 

"ಡಾಕ್ಟರಮ್ಮ ಹೇಳ್ಯಾರಲ್ರೀ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲಂತ."

"ಡಾಕ್ಟರಮ್ಮ ಸ್ಟೇರಿಂಗ್ ಹಿಡಿದಿರಲಿಲ್ಲ" ಅಂದರು.

 ನಾನೂ ಸೆರಗು ಸಿಕ್ಕಿಸಿಕೊಂಡು ಆ ಕಡೆಯ ಗಾಲಿಯ ಮಣ್ಣು ಕೆದರುತ್ತ ಕೂತೆ.

ಊರಿಗೆ ಬಂದವರೇ ಮಗ್ಗದ ಕುಣಿಯ ಹಲಗೆ ಸರಿಸಿದರು. ಹಳೆಯ ಟೈರುಗಳು ಮೇಲೆ ಬಂದವು. ಮೊಳೆಯ ಮೇಲಿನ ಹಳೆಯ ಚಕ್ರ ಇಳಿಯಿತು. ಗಟ್ಟಿ ಬುಷ್ ಹೋಗಿ ಮೆತ್ತಗಿನವು ಬಂದವು, ಬಾನೆಟ್ಟಿನ ಪಟ್ಟಿ ಬಿಚ್ಚಿತು. ಮಿಸ್ತ್ರಿ ಮುಖ ಸಣ್ಣದು ಮಾಡಿಕೊಂಡು, "ಮತ್ತ ಮೊದಲಿನಾಂಗ ಆತಲ್ರೀ ಸಾವ್ಕಾರ್ರ" ಅಂದನಂತೆ. ಮೊದಲು ಮಾಡಿಸಿದ ದುರಸ್ತಿ ಮಾತ್ರ ಉಳಿಯಿತು. ತಂಬಿಗೆ ಹಿಡಿದು ಮುಂಡರಗಿ ರಸ್ತೆಗೆ ಹೋಗಿ ಬಂದಾಗ ಒಂದು ಬೊಗಸೆಯಷ್ಟೇ ನೀರು ಚೆಲ್ಲಿತ್ತು. ಆ ಬೊಗಸೆ ರಸ್ತೆಯದ್ದು, ಗಾಡಿಯದ್ದಲ್ಲ.

ಆದರೂ ಅವರಿಗೆ ಸಮಾಧಾನವಿಲ್ಲ. ಈಗ ಕುಲುಕುವುದಿಲ್ಲ, ಆದರೆ ಮತ್ತೆ ಟ್ರ್ಯಾಕ್ಟರ್ ಅಡ್ಡ ಬಂದರೆ? ಗಾಡಿ ಮಾತು ಕೇಳುತ್ತದೆಯೇ? ಅವರಿಗೆ ತಿಳಿಯದ್ದು ನನಗೇನು ತಿಳಿಯಬೇಕು? ಕುಬಸದ ಹಿಂದಿನ ದಿನಗಳಲ್ಲಿ ಅವರು ನಿಂತ ಗಾಡಿಯಲ್ಲಿ ಕೂತು ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಬಾಡಿಗೆ ಗಾಡಿಯೇ ಬರಲಿ ಎಂದು ದೇವರಿಗೆ ಹರಕೆ ಹೊತ್ತೆ. ಮರುಗಳಿಗೆ, ಹಾಗಾದರೆ ಇವರ ಗತಿ ಏನು ಎಂದು ಹರಕೆ ವಾಪಸು ತೆಗೆದುಕೊಂಡೆ.

ಮುಂಡರಗಿಯಲ್ಲಿ ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆಯಲ್ಲಿ ಮಗಳು ಮೈತುಂಬಿ ಕೂತಿದ್ದಳು. ಮುತ್ತೈದೆಯರು ಉಡಿ ತುಂಬಿದರು, ಹಾಡಿದರು, ಕೆಣಕಿದರು. ನಾನು ತಾಟು ಹಿಡಿದು ಓಡಾಡುತ್ತ ಬಾಗಿಲ ಕಡೆ ನೋಡುತ್ತಿದ್ದೆ. ಹೊರಗೆ ಎರಡು ಗಾಡಿ ನಿಂತಿದ್ದವು. ಒಂದು ಬಿಳಿಯ ದೊಡ್ಡ ಬಾಡಿಗೆ ಗಾಡಿ, ಎ.ಸಿ. ಹಾಕಿಕೊಂಡು ಕೂತ ಡ್ರೈವರ್. ಅದರ ಪಕ್ಕದಲ್ಲಿ ನಮ್ಮದು, ತೊಳೆದು ಒರೆಸಿ, ಕುಂಕುಮ ಹಚ್ಚಿ. ಮನೆಯವರು ಅದಕ್ಕೆ ಆನಿಕೊಂಡು ನಿಂತಿದ್ದರು. ಊಟಕ್ಕೆ ಕರೆದರೂ ಬಂದಿರಲಿಲ್ಲ.

ಹೊರಡುವ ಹೊತ್ತಾಯಿತು. ಬೀಗತಿ ಸೊಸೆಯ ಕೈ ಹಿಡಿದು ದೊಡ್ಡ ಗಾಡಿಯ ಕಡೆ ನಡೆಸಿದರು. ಮಗಳು ಅರ್ಧ ದಾರಿಯಲ್ಲಿ ನಿಂತಳು.

"ಅತ್ತಿ, ನಾ ಅಪ್ಪನ ಗಾಡ್ಯಾಗ ಹೊಕ್ಕೀನಿ."

"ಅಲ್ಲ ತಂಗಿ..."

"ಏನೂ ಆಗಾಂಗಿಲ್ರಿ." ಅಷ್ಟು ನಿಶ್ಚಿಂತೆಯಿಂದ ಅಂದಳು, ಯಾರೂ ಎದುರು ಆಡಲಿಲ್ಲ. ಬೀಗತಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಆತವ್ವಾ, ನಿನ್ನ ಮನಸ್ಸಿಗೆ ಬಂದಾಂಗ ಮಾಡು. ಮುಟ್ಟಿದ ಕೂಡಲೆ ಫೋನ್ ಹಚ್ಚು" ಎಂದು ಅವರೇ ನಮ್ಮ ಗಾಡಿಯ ಬಾಗಿಲು ತೆಗೆದು, ಸೊಸೆಯ ಬೆನ್ನಿಗೆ ದಿಂಬು ಇಟ್ಟರು. ಹಿಂದಿನ ಸೀಟಿನಲ್ಲಿ ಮಗಳು, ಪಕ್ಕದಲ್ಲಿ ನಾನು, ನನ್ನ ಮಡಿಲಲ್ಲಿ ರೂಢಿಯಂತೆ ತುಂಬಿದ ತಂಬಿಗೆ.

"ಇದೇನವ್ವಾ?"

"ನೀರು. ನೀರಡಿಕಿ ಆದ್ರ ಇರಲಿ ಅಂತ" ಎಂದು ಸುಳ್ಳು ಹೇಳಿದೆ.

ಮನೆಯವರು ಎಷ್ಟು ನಿಧಾನ ಓಡಿಸಿದರೆಂದರೆ ಸೈಕಲ್ಲಿನವರು ತಿರುಗಿ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಹಿಂದಿನಿಂದ ಬಂದವರೆಲ್ಲ ಹಾರನ್ ಬಾರಿಸಿ, ಕೈ ಮಾಡಿ, ಏನೇನೋ ಅಂದುಕೊಂಡು ದಾಟಿದರು. ಇವರದ್ದು ಒಂದು ಮಾತಿಲ್ಲ. ಕತ್ತಿನ ಹಿಂದೆ ಬೆವರು ಹರಿಯುತ್ತಿತ್ತು. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯ ಪಂಖಗಳು ತಿರುಗುತ್ತಿದ್ದವು. ಮಗಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು, ಅಂಜಿಕೆಯ ಸುಳಿವೇ ಇಲ್ಲ. ನಾನು ತಂಬಿಗೆಯನ್ನೇ ನೋಡುತ್ತಿದ್ದೆ.

ಡಂಬಳ ಇನ್ನೂ ಬಂದಿರಲಿಲ್ಲ. ಎದುರಿಗೆ ಟ್ರ್ಯಾಕ್ಟರ್ ಕಂಡಿತು. ದೂರದಲ್ಲೇ ಇತ್ತು, ತನ್ನ ಪಾಡಿಗೆ ತನ್ನ ಬದಿಯಲ್ಲಿ ಬರುತ್ತಿತ್ತು. ಮನೆಯವರು ಗಾಡಿಯನ್ನು ರಸ್ತೆಯಿಂದ ಪೂರ್ತಿ ಇಳಿಸಿ, ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿಯೇಬಿಟ್ಟರು. ಇಂಜಿನ್ ಬಂದ್ ಮಾಡಿದರು. ಟ್ರ್ಯಾಕ್ಟರ್ ಬಂತು, ಹೋಯಿತು. ಅವರು ಗಾಡಿ ಚಾಲೂ ಮಾಡಲಿಲ್ಲ. ಸ್ಟೇರಿಂಗಿನ ಮೇಲಿನ ಕೈಯನ್ನೂ ತೆಗೆಯಲಿಲ್ಲ.

"ಅಪ್ಪಾ, ಯಾಕ ನಿಂತಿ?"

ಅವರು ಸ್ಟೇರಿಂಗಿಗೆ ಹಣೆ ಹಚ್ಚಿದರು.

"ಅವತ್ತಿಂದು ಬಿಟ್ಟಿಲ್ಲವ್ವಾ ಅವರನ್ನ" ಎಂದು ನಾನೇ ಹೇಳಿಬಿಟ್ಟೆ. ಹೇಳಬಾರದೆಂದು ಬಾಯಿ ಹೊಲಿದುಕೊಂಡಿದ್ದವಳು. "ಗಾಡಿ ತಿರುಗಲಿಲ್ಲ, ಅದಕ್ಕ ಹಂಗಾತು ಅಂತ. ವರ್ಷ ಆತು, ಈ ಸ್ಟೇರಿಂಗ್ ಬಡಕೊಂಡು ಕುಂತಾರ. ನನ್ನ ಕಡಿಂದ ತಿದ್ದಾಕ ಆಗಲಿಲ್ಲ."

ಮಗಳು ಅಪ್ಪನ ಬೆನ್ನನ್ನು ನೋಡಿದಳು.  ಆಮೇಲೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು.

"ಅಪ್ಪಾ, ಅವತ್ತ ಲಕ್ಷ್ಮೇಶ್ವರದಾಗ, ಗಾಡಿ ಹತ್ತೂಕಿಂತ ಮೊದಲ ನನಗ ರಕ್ತ ಕಾಣಿಸಿತ್ತು. ತೊಟ್ಟಲದಾಗ ಕೂಸಿನ್ನ ಹಾಕೂಮುಂದ. ಹಿತ್ತಲಕ್ಕ ಹೋಗಿ ನೋಡಿಕೊಂಡೆ. ಹೊಟ್ಟಿ ಹಿಂಡತಿತ್ತು. ಆವಾಗ ತಿಳಿದಿತ್ತು ನನಗ."

ನನ್ನ ಕೈಯ ತಂಬಿಗೆ ಜಾರಿತು, ಹಿಡಿದುಕೊಂಡೆ. "ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳಲವ್ವಾ? ಅವರ ಮನ್ಯಾಗ ತೊಟ್ಟಲ. ಎಲ್ಲಾರೂ ಹಾಡಾಕಹತ್ಯಾರ. ಹಂತಾದ್ರಾಗ ನಾ ಹಿಂಗ ಆತು ಅಂದ್ರ, ಆ ಕೂಸಿಗೆ ಅಪಶಕುನ ಅನ್ನೂದಿಲ್ಲೇನು? ನಾಳೆ ಆ ಕೂಸಿಗೆ ನೆಗಡಿ ಆದ್ರೂ ನನ್ನ ಹೆಸರ ಬರತಿತ್ತು. ಸುಮ್ಕ ಗಾಡಿ ಹತ್ತಿ ನಮ್ಮ ಮನಿ ಮುಟ್ಟಿದ್ರ ಸಾಕು ಅನಿಸಿತ್ತು. ಮನಿಗೆ ಬಂದ ಮ್ಯಾಲ ತಾನ ನಿಂತೀತು ಅಂತ ಕಾದೆ. ಆಮ್ಯಾಲ ಎಲ್ಲಾ ಮುಗೀತು. ಇನ್ನ ಹೇಳಿ ಏನು ಮಾಡೂದು ಅಂತ ಬಿಟ್ಟೆ." ಅವಳ ದನಿ ಅಲ್ಲಿ ಒಡೆಯಿತು. "ಅಪ್ಪ ತಪ್ಪು ತನ್ನ ಮ್ಯಾಲ ಹಾಕ್ಕೊಂಡಾನಂತ ಯಾರೂ ಹೇಳಲಿಲ್ಲ ನನಗ. ಗಾಡಿಗೆ ಏನೇನೋ ಹಚ್ಚಸ್ತಾನಂತ ಕೇಳಿ ನಾ ನಗತಿದ್ನೆವ್ವಾ."

ನನಗೆ ಮೊದಲು ಬಂದದ್ದು ಸಿಟ್ಟು. ಹೌದು, ಸಿಟ್ಟೇ. ಹೆತ್ತ ತಾಯಿಗೆ ಹೇಳಲಿಲ್ಲವಲ್ಲ, ಅಷ್ಟು ದೂರ ನನ್ನ ಪಕ್ಕದಲ್ಲೇ ಕೂತು ನೋವು ನುಂಗಿಕೊಂಡು ಬಂದಳಲ್ಲ ಎಂದು. ಆಮೇಲೆ ಆ ಹಿತ್ತಲು ಕಣ್ಣ ಮುಂದೆ ಬಂತು. ಒಳಗೆ ಜೋಗುಳ, ಹೊರಗೆ ಈ ಹುಡುಗಿ ಒಬ್ಬಳೇ, ಗೋಡೆ ಹಿಡಿದುಕೊಂಡು. ಸಿಟ್ಟು ಎಲ್ಲಿ ಹೋಯಿತೋ. ಅವಳ ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡೆ.

ಮನೆಯವರು ಬಾಗಿಲು ತೆರೆದು ಇಳಿದರು. ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಟೈರಿನ ಮೇಲೆ ಕೈ ಇಟ್ಟರು. ಗಾಳಿ ನೋಡುತ್ತಿದ್ದಾರೆ ಎಂದು ದಾರಿಹೋಕರು ತಿಳಿದುಕೊಳ್ಳಬೇಕು. ಅವರ ಬೆನ್ನು ಅಲುಗುತ್ತಿತ್ತು. ಅವರು ಅಳುವುದನ್ನು ನಾನು ನನ್ನ ಅತ್ತೆ ತೀರಿದ ದಿನವೂ ಕಂಡಿರಲಿಲ್ಲ.

"ಅಪ್ಪಗ ನೀರು ಕೊಡವ್ವಾ" ಅಂದಳು ಮಗಳು.

ತಂಬಿಗೆ ಹಿಡಿದು ಇಳಿದೆ. ಬೊಗಸೆಗೆ ನೀರು ಹೊಯ್ದೆ. ಮುಖ ತೊಳೆದುಕೊಂಡರು, ಮತ್ತೆ ಬೊಗಸೆ ಒಡ್ಡಿದರು, ಮತ್ತೆ ಹೊಯ್ದೆ. ಉಳಿದದ್ದನ್ನು ತಂಬಿಗೆ ಎತ್ತಿ ಗಟಗಟ ಕುಡಿದು ಖಾಲಿ ಮಾಡಿದರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಗಾಲಿಯನ್ನು ಒಮ್ಮೆ ಕಾಲಿನಿಂದ ಒದ್ದರು.

"ಇನ್ನ ಗಾಡಿ ಕುಲುಕಾಟ ಅಳಿಯಾಕ ನೀರಿಲ್ಲರೀ" ಅಂದೆ.

"ಇರಲಿ, ಕುಂಡರು" ಅಂದರು.

ಆಮೇಲೆ ಎಲ್ಲ ಸುಸೂತ್ರವಾಗಿ ಆಯಿತು. ಈಗ ಮೊಮ್ಮಗಳು ಮಗ್ಗದ ಖೋಲಿಯ ತುಂಬ ಅಂಬೆಗಾಲಿಡುತ್ತಾಳೆ. ಕುಣಿಯ ಹಲಗೆ ಸರಿದೀತು ಎಂದು ನಾನು ಹಿಂದೆ ಹಿಂದೆ ಓಡುತ್ತೇನೆ, ಅಂಜುಬುರುಕಿಗೆ ಅಂಜಲು ಏನಾದರೂ ಒಂದು ಬೇಕಲ್ಲ. ಆದರೆ ಆ ದಾರಿಯನ್ನು ನೆನೆದಾಗ ನನಗೆ ನೆನಪಾಗುವುದು ಇನ್ನೊಂದು.

ಡಂಬಳ ದಾಟಿ ಗದಗಿನ ಕಡೆ ಬರುತ್ತಿದ್ದೆವು. ಖಾಲಿ ತಂಬಿಗೆ ನನ್ನ ಕಾಲ ಬಳಿ ಉರುಳಾಡುತ್ತಿತ್ತು. ಬೈಕಿನಲ್ಲಿ ಒಬ್ಬ, ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡವನು, ಅಡ್ಡದಾರಿಯಿಂದ ಸೀದಾ ನಮ್ಮ ಮುಂದೆ ನುಗ್ಗಿದ. ಮನೆಯವರು ಸ್ಟೇರಿಂಗ್ ತಿರುಗಿಸಿದರು, ಗಾಡಿ ತಿರುಗಿತು, ಬೈಕು ತಪ್ಪಿತು. ನಾನು ಕಣ್ಣು ಮುಚ್ಚಿ, ಮಗಳ ಹೊಟ್ಟೆಯ ಮೇಲೆ ಕೈ ಅಡ್ಡ ಇಟ್ಟಿದ್ದೆ. ಆಗ ಮುಂದಿನ ಸೀಟಿನಿಂದ, ಒಂದು ವರ್ಷದ ಮೇಲೆ, ಆ ದನಿ ಕೇಳಿತು.

"ಏ, ರೋಡ್ ನಿಮ್ಮಪ್ಪಂದ ಐತೇನಲೇ, ಹಲ್ಕಟ್ ಸೂಳಿಮಗನ!"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಕಣ್ಣು ತೆರೆದು, ಸೆರಗಿನಿಂದ ಒರೆಸಿಕೊಂಡು, ಸೀಟಿಗೆ ಬೆನ್ನು ಆನಿಸಿದೆ.